ಪಶುಗಳ ಪಂಕ್ತಿ

ಕುರುಗೋಡಿನ ನಿವೃತ್ತ ಚಿತ್ರಕಲಾ ಶಿಕ್ಷಕ ಗಾದಿಲಿಂಗಪ್ಪನವರು ಬಳ್ಳಾರಿಯ ಚಿತ್ರಪ್ರದರ್ಶನವನ್ನು ಉದ್ಘಾಟಿಸಿ, "ಬಣ್ಣಕ್ಕ ಜಾತಿ ಇಲ್ಲ. ನಾ ಯಾರಿಗೂ ಭೇದ ಮಾಡದ ಕಲಿಸೀನಿ" ಎಂದು ಮಾತು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಅವರ ಹಳೆಯ ಶಿಷ್ಯೆ ಜಯಶ್ರೀ ಮುಂದಿನ ಸಾಲಿನಲ್ಲಿದ್ದಳು. ಕೂಲಿಕಾರ ಮಾರೇಶನ ಮಗಳು; ಈಗ ಸಿರುಗುಪ್ಪದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ತನ್ನ ಚಿತ್ರವನ್ನು ನೋಡಿ ಗುರುಗಳು ಏನೆನ್ನುವರೋ ಎಂಬುದೊಂದೇ ಅವಳ ಎದೆಯಲ್ಲಿದ್ದುದು. ಅದಕ್ಕಾಗಿಯೇ ಎರಡು ವರ್ಷ ಬರೆದಿದ್ದಳು.

ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರೊಡನೆ ಮಾಡಿದ ಕೊನೆಯ ಊಟದ ಇಟಲಿಯ ಪುರಾತನ ಚಿತ್ರವನ್ನು ಗಾದಿಲಿಂಗಪ್ಪನವರು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ನಕಲು ಮಾಡಿಸುತ್ತಿದ್ದರು. ಜಯಶ್ರೀಯ ಚಿತ್ರದಲ್ಲಿಯೂ ಅದೇ ಉದ್ದನೆಯ ಮೇಜು, ಅದೇ ಬಿಳಿಯ ಹಾಸು; ಕುಳಿತವರು ಮಾತ್ರ ಪಶುಗಳು. ನಡುವೆ ಕೊಂಬು ಚಾಚಿದ ಎಮ್ಮೆ. ಅದರ ಕಿವಿಯಲ್ಲಿ ಏನನ್ನೋ ಉಸುರುವ ಮೇಕೆ. ಉಪ್ಪಿನ ಬಟ್ಟಲನ್ನು ಉರುಳಿಸಿ ಏನೂ ಅರಿಯದಂತಿದ್ದ ಕತ್ತೆ.

"ಲೇ ಹುಲುಗೇಶ್, ಆ ಕತ್ತಿ ನೋಡು, ಥೇಟ್ ನೀನೇ" ಎಂದನೊಬ್ಬ ಪ್ರೇಕ್ಷಕ, ಜೊತೆಯಲ್ಲಿದ್ದ ಗೆಳೆಯನಿಗೆ.

"ನನಗಿಂತ ಮರ್ಯಾದಿಲೆ ಕುಂತೈತಿ ಬಿಡು."

ಜಯಶ್ರೀಯೊಡನೆ ಚಿತ್ರದ ಮುಂದೆ ನಿಂತಿದ್ದ ಗಾದಿಲಿಂಗಪ್ಪನವರು ನಗಲಿಲ್ಲ. ಬೆರಳು ಚಾಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಹನ್ನೆರಡ ಅದಾವಲ್ಲವ್ವ. ಹದಿಮೂರು ಬೇಕು. ಎಷ್ಟು ಸಲ ತಿದ್ದಿಸೀನಿ ನಿನಗ?"

"ಹದಿಮೂರು ಅದಾವ್ರಿ ಸರ್. ಬಾಗಲದ ಕಡಿ ನೋಡ್ರಿ."

ಎಮ್ಮೆಯ ಬೆನ್ನ ಹಿಂದೆ ಅರೆತೆರೆದ ಬಾಗಿಲಿತ್ತು. ಹೊಸ್ತಿಲಿನಾಚೆ, ಕಲ್ಲುಕಟ್ಟೆಯ ಮೇಲೆ, ಬಡಕಲು ಕರುವೊಂದು ಮಡಿಲಲ್ಲಿ ಹಲಗೆಯಿಟ್ಟುಕೊಂಡು ಒಳಗಿನ ಮೇಜನ್ನು ನೋಡಿ ಬರೆಯುತ್ತಿತ್ತು. ಪಕ್ಕದಲ್ಲಿ ಅದಕ್ಕೊಂದು ಬೇರೆ ತಾಟು. ಕಟ್ಟೆಯ ಒಡೆದ ಮೂಲೆಯನ್ನು ಗಾದಿಲಿಂಗಪ್ಪನವರು ಗುರುತಿಸಿದರು. ಅದು ಕುರುಗೋಡಿನ ಅವರದೇ ಮನೆ.

ಭಾನುವಾರದ ಪಾಠಗಳು ನೆನಪಾದವು. ಉಳಿದ ಮಕ್ಕಳು ಪಡಸಾಲೆಯಲ್ಲಿ ಕುಳಿತು ಬರೆಯುವರು, ಅಲ್ಲಿಯೇ ಉಣ್ಣುವರು. ಜಯಶ್ರೀ ಕಟ್ಟೆಯ ಮೇಲೆ. ಅವಳ ತಾಟು ಅಲ್ಲಿಗೇ ಹೋಗುತ್ತಿತ್ತು. ಉಂಡ ಮೇಲೆ ಅವಳೇ ತೊಳೆದು ಹೊರಗೋಡೆಯ ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು. ಬರೆದುದನ್ನು ತೋರಿಸಬೇಕಾದಾಗ ಹಲಗೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುವಳು. ಅವರು ತಿದ್ದಿ ಮತ್ತೆ ಅಲ್ಲಿಯೇ ಇಡುವರು. ಏಳು ವರ್ಷ ಹೀಗೆಯೇ ನಡೆಯಿತು. ಅವಳ ಗೆರೆಯ ಒಂದು ತಪ್ಪನ್ನೂ ಅವರು ಬಿಟ್ಟಿರಲಿಲ್ಲ.

ತಾಟನ್ನು ಹೊರಗಿಟ್ಟವಳು ತಮ್ಮ ಪತ್ನಿ ಅಕ್ಕನಾಗಮ್ಮ ಎಂಬ ಮಾತು ಅವರ ನಾಲಿಗೆಯವರೆಗೆ ಬಂದಿತು. ಒಳಗಿಡು ಎಂದು ತಾವು ಒಮ್ಮೆಯೂ ಹೇಳಿರಲಿಲ್ಲವೆಂಬುದು ಅದರ ಬೆನ್ನಿಗೇ ಬಂದಿತು. ಆ ಮಾತನ್ನು ನುಂಗಿಕೊಂಡರು.

"ನನ್ನ ಮ್ಯಾಲ ಸಿಟ್ಟೇನವ್ವ?"

"ನೀವು ಕಲಿಸಿದ್ದನ್ನ ಬರದೀನ್ರಿ. ನೀವು ಕುಂದ್ರಿಸಿದಲ್ಲೇ ಕುಂತು ಬರದೀನಿ."

ಅವರು ಮತ್ತೆ ಬೆರಳು ಚಾಚಿ ಎಣಿಸಿದರು, ಈ ಸಲ ಕರುವನ್ನೂ ಸೇರಿಸಿ.

"ಚಿತ್ರ ಸರಿ ಐತಿ" ಎಂದರು ಕೊನೆಗೆ. "ನಾ ಸರಿ ಇರಲಿಲ್ಲ."

"ಹೂನ್ರಿ ಸರ್."

ಸಮಾಧಾನದ ಒಂದು ಮಾತಿಗಾಗಿ ಅವರು ಕಾದರು. ಅವಳು ಅದನ್ನು ಹೇಳಲಿಲ್ಲ.