ಮಾಮನ ಪರೀಕ್ಷೆ

ಮಗಳ ಎರಡನೇ ಜಡೆ ಅರ್ಧ ಹೆಣೆದಿದ್ದೆ, ಅಷ್ಟರಲ್ಲಿ ತಮ್ಮ ಹಿಂಬಾಗಿಲಿನಿಂದ ಒಳಗೆ ಬಂದ. ಅವನು ಶಾಲಾ ವ್ಯಾನಿನ ಡ್ರೈವರ್. ದಿನವೂ ಬೀದಿಯಲ್ಲಿ ನಿಂತು ಹಾರನ್ ಹೊಡೆಯುತ್ತಾನೆ, ಇವಳು ಚೀಲ ಎತ್ತಿಕೊಂಡು ಓಡುತ್ತಾಳೆ. ಇವತ್ತು ಹೊತ್ತಿಗೆ ಮುಂಚೆಯೇ ಬಂದಿದ್ದ.

ಚಿಕ್ಕ ಬಾಟಲಿ ಬೇಕು ಎಂದ. ಮುಚ್ಚಳ ಗಟ್ಟಿಯಿರಬೇಕಂತೆ. ಯಾತಕ್ಕೆ ಎಂದರೆ ಮಗಳ ಕಡೆ ನೋಡಿದ.

ಕಳೆದ ತಿಂಗಳು ಬೇರೆ ಶಾಲೆಯ ವ್ಯಾನೊಂದು ಅಂಗಡಿಯೊಳಗೆ ನುಗ್ಗಿತ್ತು. ಅದರ ಡ್ರೈವರ್ ನಿದ್ದೆ ಬಾರದಿರಲೆಂದು ಮಾತ್ರೆ ನುಂಗಿ ನುಂಗಿ, ಕೊನೆಗೆ ಸ್ಟೇರಿಂಗ್ ಮೇಲೆಯೇ ಒರಗಿದ್ದನಂತೆ. ಡ್ರೈವರ್‌ಗಳ ಮೂತ್ರ ಪರೀಕ್ಷೆ ಮಾಡಿಸದಿದ್ದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ನಾವು ತಾಯಂದಿರು ನಮ್ಮ ವ್ಯಾನ್ ಮಾಲೀಕರ ಮುಂದೆ ಪಟ್ಟು ಹಿಡಿದು ಕೂತೆವು. ಮೊದಲು ಕೈ ಎತ್ತಿದವಳು ನಾನು. ಮೊದಲ ಪರೀಕ್ಷೆಯಲ್ಲೇ ಇಬ್ಬರ ಕೆಲಸ ಹೋಯಿತು. ತಮ್ಮ ಆ ದಿನ ಜ್ವರವೆಂದು ರಜೆ ಹಾಕಿದ್ದ. ಹೊಸಬರು ಸಿಗಲಿಲ್ಲ. ಒಂದು ವ್ಯಾನ್ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದೆ, ಇನ್ನೊಂದನ್ನು ಮಾಲೀಕರೇ ಮಂಡಿಗೆ ಪಟ್ಟಿ ಕಟ್ಟಿಕೊಂಡು ಓಡಿಸುತ್ತಾರೆ. ಹೀಗಾಗಿ ಎರಡನೇ ಪರೀಕ್ಷೆ ಇವತ್ತು ಎಂದು ಅವರೇ ಎಲ್ಲ ಡ್ರೈವರ್‌ಗಳಿಗೂ ನಿನ್ನೆ ಫೋನ್ ಮಾಡಿ ಹೇಳಿದ್ದರಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ತಮ್ಮ ಹಗಲು ವ್ಯಾನ್, ರಾತ್ರಿ ತರಕಾರಿ ಲಾರಿ ಓಡಿಸುತ್ತಾನೆ. ಮಾತ್ರೆ ಇಲ್ಲದೆ ಎರಡೂ ಆಗುವುದಿಲ್ಲ ಎಂದು ಗೋಡೆ ನೋಡುತ್ತ ಹೇಳಿದ. ಇವತ್ತು ಸಿಕ್ಕಿಬಿದ್ದರೆ ವ್ಯಾನೂ ಹೋಗುತ್ತದೆ, ಸುದ್ದಿ ಹಬ್ಬಿ ಲಾರಿಯೂ ಹೋಗುತ್ತದೆ. ಆಮೇಲೆ ಅವನ ಕೈಗೆ ಯಾರೂ ಸೈಕಲ್ಲನ್ನೂ ಕೊಡುವುದಿಲ್ಲ.

"ನಂದೇ ತಗೊಂಡು ಹೋಗು" ಎಂದೆ.

"ನಿಂದು ಬೇಡಕ್ಕ, ನಿಂಗೆ ಸಕ್ಕರೆ ಕಾಯಿಲೆ. ನಂಗೆ ಇಲ್ಲದ ರೋಗ ಅಂಟಿಸ್ತಾರೆ. ಪುಟ್ಟಿದಾದ್ರೆ ನೀರಿನ ಥರ ಇರುತ್ತೆ."

ಬೈಯಬೇಕಿತ್ತು. ಕೈಗಳು ಕಪಾಟಿನಿಂದ ಖಾಲಿ ಜೇನಿನ ಬಾಟಲಿ ತೆಗೆದು ಬಿಸಿನೀರಿನಲ್ಲಿ ತೊಳೆದವು.

"ಚೆನ್ನಾಗಿ ತೊಳಿ, ಸಿಹಿ ಉಳಿದ್ರೆ ನಂಗೂ ಸಕ್ಕರೆ ಅಂತ ಬರೀತಾರೆ" ಎಂದ. ಇಬ್ಬರೂ ನಗಲಿಲ್ಲ.

ಡಾಕ್ಟರ್ ಕೇಳಿದ್ದಾರೆ ಎಂದು ಮಗಳಿಗೆ ಹೇಳಿ ಬಚ್ಚಲಿಗೆ ಕರೆದೊಯ್ದೆ. ಅವಳು ಹೇಳಿದಂತೆ ಮಾಡಿದಳು. ಮುಚ್ಚಳವನ್ನು ನಾನೇ ತಿರುಗಿಸಿ ಬಿಗಿಮಾಡಿದೆ. ಬಾಟಲಿ ಬೆಚ್ಚಗಿತ್ತು. ತಮ್ಮ ಅದನ್ನು ಸ್ವೆಟರ್ ಒಳಗೆ ಇಟ್ಟುಕೊಂಡು, ಪರೀಕ್ಷೆ ಮುಗಿಸಿ ವ್ಯಾನ್ ತರುತ್ತೇನೆ, ರೆಡಿಯಾಗಿರು ಎಂದು ಮಗಳ ಕೆನ್ನೆ ತಟ್ಟಿ ಹೋದ. ಅವನ ಕಣ್ಣುಗಳು ಈರುಳ್ಳಿ ಹೆಚ್ಚಿದವನ ಹಾಗೆ ಕೆಂಪಗಿದ್ದವು.

ಬಿಚ್ಚಿಹೋಗಿದ್ದ ಜಡೆಯನ್ನು ಮತ್ತೆ ಹಿಡಿದೆ. ಕೆಲವು ದಿನಗಳಿಂದ ಇವಳು ಮಲಗುವಾಗ "ಅಮ್ಮಾ" ಎಂದು ಶುರುಮಾಡಿ, ಏನು ಎಂದರೆ ಏನಿಲ್ಲ ಎಂದು ಗೋಡೆಯ ಕಡೆ ಹೊರಳುತ್ತಿದ್ದಳು. ಹಲ್ಲು ನೋವಿರಬೇಕು ಎಂದುಕೊಂಡಿದ್ದೆ.

"ಅಮ್ಮಾ."

"ತಲೆ ಅಲ್ಲಾಡಿಸ್ಬೇಡ."

"ಮಾಮ ದಿನಾ ನನ್ನ ಮುಂದಿನ ಸೀಟಲ್ಲಿ ಕೂರಿಸ್ಕೋತಾನೆ. ಅವನಿಗೆ ನಿದ್ದೆ ಬರ್ದೇ ಇರೋ ಹಾಗೆ ಮಾತಾಡ್ತಾನೇ ಇರು ಅಂತಾನೆ."

ಮುದ್ದಿಗೆ ಕೂರಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ರಿಬ್ಬನ್ ಬೆರಳಿಗೆ ಸುತ್ತಿಕೊಂಡಿತ್ತು, ಬಿಡಿಸಿಕೊಳ್ಳಲಿಲ್ಲ.

"ದಾರಿ ಮಧ್ಯ ನಂಗೆ ಮಾತೆಲ್ಲ ಖಾಲಿ ಆಗ್ಬಿಟ್ರೆ ಏನ್ಮಾಡ್ಲಿ ಅಮ್ಮಾ?"