ಮಂದವಾದ ರಕ್ತ

ಮದುವೆಯಾಗಿ ಬೆಟ್ಟದ ಮೇಲಿನ ಗಣಿಯೂರಿಗೆ ಬಂದ ಮೊದಲ ವಾರ ಆಕೆ ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಸಿಡಿಯುತ್ತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅಷ್ಟು ಎತ್ತರದಲ್ಲಿ ಗಾಳಿಯೇ ತೆಳು. ನೀರು ಕೊತಕೊತ ಕುದಿದರೂ ಕಾಳು ಬೇಯುತ್ತಿರಲಿಲ್ಲ. ಗಂಡ ಅಲ್ಲೇ ಹುಟ್ಟಿ ಬೆಳೆದವನು, ಗಣಿಯ ನೀರೆತ್ತುವ ಪಂಪು ನೋಡಿಕೊಳ್ಳುತ್ತಿದ್ದ. "ಎರಡು ತಿಂಗಳು ತಡ್ಕೋ, ಮೈ ತಾನಾಗೇ ಕಲಿಯುತ್ತೆ," ಎಂದ.

ಕಲಿಯಿತು. ಹದಿನೆಂಟು ವರ್ಷ ಆಕೆ ಗಣಿಯ ಕ್ಯಾಂಟೀನಿನಲ್ಲಿ ಇನ್ನೂರು ಜನಕ್ಕೆ ಬೇಯಿಸಿದಳು. ಹಿಟ್ಟಿನ ಮೂಟೆ ಹೊತ್ತು ಅವಳು ಮೆಟ್ಟಿಲೇರುವುದನ್ನು ಕೆಳಗಿನ ಊರುಗಳಿಂದ ಬಂದ ಎಂಜಿನಿಯರುಗಳು ಏದುಸಿರು ಬಿಡುತ್ತ ನೋಡುತ್ತಿದ್ದರು.

ಆಮೇಲೆ ತುಟಿ ನೀಲಿಗಟ್ಟತೊಡಗಿತು. ಬೆರಳುಗಳು ಜುಮುಗುಟ್ಟಿದವು. ಒಂದು ಬೆಳಿಗ್ಗೆ ಸೌಟು ಹಿಡಿದ ಹಾಗೇ ಒಲೆಯ ಮುಂದೆ ಕುಸಿದಳು. ಗಣಿಯ ಆಸ್ಪತ್ರೆಯ ಡಾಕ್ಟರಮ್ಮ ತೆಗೆದ ರಕ್ತ ಸಿರಿಂಜಿನೊಳಗೆ ಪಾಕದ ಹಾಗೆ ಏರಿತು.

"ತೆಳು ಗಾಳಿಗೆ ಹೊಂದ್ಕೊಳ್ಳೋಕೆ ನಿಮ್ಮ ಮೈ ರಕ್ತದ ಕಣ ಹೆಚ್ಚಿಸ್ತಾ ಬಂತು. ನಿಲ್ಲಿಸೋದು ಮಾತ್ರ ಅದಕ್ಕೆ ಗೊತ್ತಾಗ್ಲಿಲ್ಲ. ಇಲ್ಲೇ ಇದ್ರೆ ಒಂದಲ್ಲ ಒಂದಿನ ಎಲ್ಲಾದ್ರೂ ಹೆಪ್ಪುಗಟ್ಟುತ್ತೆ. ಕೆಳಗಿಳಿದುಬಿಡಿ."

"ನಮ್ಮ ಯಜಮಾನ್ರಿಗೆ ಏನೂ ಆಗಿಲ್ವಲ್ಲ?"

"ಅವರ ತಾತ ಮುತ್ತಾತಂದಿರೂ ಇಲ್ಲಿನವರೇ ಅಲ್ವಾಮ್ಮ."

ಅವಳು ಇಳಿಯಲಿಲ್ಲ. ತಿಂಗಳಿಗೊಂದು ಬಾಟಲಿ ರಕ್ತ ತೆಗೆಸಿಕೊಳ್ಳುತ್ತ, ಗಂಡನಿಗೆ ಹೇಳದೆ ಒಂದು ವರ್ಷ ನೂಕಿದಳು. ಎರಡನೇ ಸಲ ಕುಸಿದಾಗ ಎಡಗೈ ಎರಡು ದಿನ ಸ್ವಾಧೀನ ತಪ್ಪಿತು. ಆಗ ಗಂಡನೇ ಟ್ರಂಕು ತುಂಬಿದ. ಇಬ್ಬರೂ ಬಯಲಿನ ಪೇಟೆಯಲ್ಲಿದ್ದ ಅವಳ ತಂಗಿಯ ಮನೆಗೆ ಬಂದರು.

ಮೂರು ವಾರದಲ್ಲಿ ಅವಳ ತುಟಿಗೆ ಬಣ್ಣ ಬಂತು. ಅವನು ಮಾತ್ರ ಒದ್ದೆ ಟವೆಲ್ಲು ಎದೆಗೆ ಹಾಕಿಕೊಂಡು ನೆಲದ ಮೇಲೆ ಬಿದ್ದಿರುತ್ತಿದ್ದ. ನಿದ್ದೆಯಿಲ್ಲ, ಊಟ ಸೇರದು.

"ಭಾವನ್ನ ಫ್ರಿಜ್ಜಲ್ಲಿಟ್ಬಿಡೋಣ್ವಾ ಅಕ್ಕಾ?" ಎಂದು ತಂಗಿ ಹೊಲಿಗೆ ಯಂತ್ರದ ಹಿಂದಿನಿಂದ ಛೇಡಿಸಿದಳು. ಅವನೂ ನಕ್ಕ. ತಿಂಗಳು ತುಂಬಿದ ದಿನ ಚೀಲ ಹಿಡಿದು ನಿಂತ.

"ಇಲ್ಲಿ ಉಸಿರೇ ಆಡ್ತಿಲ್ಲ ಕಣೇ."

"ಮೈ ತಾನಾಗೇ ಕಲಿಯುತ್ತೆ ಅಂದವ್ರು ನೀವೇ ಅಲ್ವಾ?"

"ನಿಂದು ಕಲೀತು. ನಂದು ಮೊಂಡು."

ಅವನು ಹೋದ ಮೇಲೆ ತಂಗಿಯ ಎರಡು ಕೋಣೆಯ ಮನೆಯಲ್ಲಿ ಅವಳಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಬಾಗಿಲು ತೆರೆದರೆ ಎದುರು ಮನೆಯ ಗೋಡೆ. ತಂಗಿ ಒಲೆ ಹಚ್ಚಲೂ ಬಿಡುತ್ತಿರಲಿಲ್ಲ. "ನೀನು ಸುಮ್ನೆ ಕೂತ್ಕೋ ಅಕ್ಕ," ಎನ್ನುತ್ತಿದ್ದಳು. ನಾಲ್ಕು ತಿಂಗಳು ಸುಮ್ಮನೆ ಕೂತು, ಐದನೆಯದರಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ಗಣಿಯ ಹೊಗೆಗೂಡು ಕಾಣುವಷ್ಟು ಹತ್ತಿರ ಬಂದಿದ್ದಳು. ಅಷ್ಟರಲ್ಲಿ ತಲೆ ಸಿಡಿಯತೊಡಗಿತು. ವಾಂತಿ, ಮೂಗಿನಲ್ಲಿ ರಕ್ತ. ಹದಿನೆಂಟು ವರ್ಷದ ಕಲಿಕೆಯನ್ನು ಮೈ ಐದು ತಿಂಗಳಲ್ಲಿ ಮರೆತಿತ್ತು. ಕಂಡಕ್ಟರು ಅವಳನ್ನು ಇಳಿಸಿ, ಕೆಳಗೆ ಹೊರಟಿದ್ದ ಲಾರಿಯೊಂದರಲ್ಲಿ ಕೂರಿಸಿದ. ಅವಳು ಕಿಟಕಿಗೆ ಹಣೆಯೊತ್ತಿ ಅತ್ತಳು. ತನ್ನ ಮನೆಗೆ ತಾನೇ ಹೋಗಲಾರದವಳಾಗಿದ್ದಳು.

ಈಗ ತಿಂಗಳ ಮೊದಲ ಭಾನುವಾರ ಇಬ್ಬರೂ ನಡುದಾರಿಯ ಬಸ್ ನಿಲ್ದಾಣದಲ್ಲಿ ಸಿಗುತ್ತಾರೆ. ಅಲ್ಲಿ ಅವನಿಗೆ ಸೆಕೆ, ಅವಳಿಗೆ ಚಳಿ. ಎರಡು ಗಂಟೆ ಬೆಂಚಿನ ಮೇಲೆ ಕೂರುತ್ತಾರೆ. ಹೋದ ಸಲ ಹೊರಡುವಾಗ ಅವನು ಕೇಳಿದ:

"ನಾನಿಲ್ದೆ ಇರೋದು ಕಷ್ಟ ಆಗುತ್ತಾ?"

"ಅಭ್ಯಾಸ ಆಗ್ತಿದೆ ಕಣ್ರೀ."

ಅವನ ಮುಖ ಬಾಡಿತು. "ಅದೊಂದು ಮಾತ್ರ ಅಭ್ಯಾಸ ಮಾಡ್ಕೋಬೇಡ," ಎಂದ.

ಕಂಡಕ್ಟರು ಸೀಟಿ ಊದಿದ. ಅವಳು ಕೆಳಗಿಳಿಯುವ ಬಸ್ಸು ಹತ್ತಿದಳು.