ನಕ್ಷೆಯಲ್ಲಿ ಹಸಿರಿತ್ತು

ನಮ್ಮ ಪುರಸಭೆಯ ನಕ್ಷೆ ವಿಭಾಗದ ಸಾಹೇಬರು ಊಟಕ್ಕೆ ಎದ್ದರೆ ಊರಿಗೆ ಊರೇ ಬಣ್ಣ ಕಳೆದುಕೊಳ್ಳುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಅವರು ಶಿಸ್ತಿನ ಮನುಷ್ಯ, ಕುರ್ಚಿ ಬಿಟ್ಟಾಗಲೆಲ್ಲ ಕಂಪ್ಯೂಟರ್ ಆಫ್ ಮಾಡುತ್ತಿದ್ದರು. ಆ ಗಳಿಗೆಯಲ್ಲೇ ನನ್ನ ಪರದೆಯ ಮೇಲಿನ ಕಟ್ಟಡಗಳೆಲ್ಲ ತಮ್ಮ ಕೆಂಪು, ಹಳದಿ, ಹಸಿರು ಬಿಟ್ಟು ಬೂದಿ ಬಳಿದುಕೊಂಡು ಕೂರುತ್ತಿದ್ದವು. ಸಾಹೇಬರು ಬಾಯಿ ಒರೆಸಿಕೊಂಡು ಬಂದು ಗುಂಡಿ ಒತ್ತಿದರೆ ಬಣ್ಣಗಳು ಮತ್ತೆ ಹಾಜರ್. "ಸಾಫ್ಟ್‌ವೇರ್‌ಗೂ ಒಂಚೂರು ವಿಶ್ರಾಂತಿ ಬೇಕಲ್ವೇನಮ್ಮ" ಎನ್ನುವುದು ಅವರ ತಾಂತ್ರಿಕ ವಿವರಣೆ. ನಾನೂ ಗೋಣು ಆಡಿಸಿಕೊಂಡು ಸುಮ್ಮನಿದ್ದೆ.

ಕೆಂಪು ಎಂದರೆ ಬೀಳುವ ಹಾಗಿರುವ ಕಟ್ಟಡ, ಹಳದಿ ಎಂದರೆ ರಿಪೇರಿ ಬೇಕು, ಹಸಿರು ಎಂದರೆ ಸುಭದ್ರ. ನಕ್ಷೆಯಲ್ಲಿ ಇರುವುದು ಬರೀ ಕಟ್ಟಡಗಳ ಗೆರೆ. ಇಂಜಿನಿಯರ್ ಮನೆ ಮನೆ ಸುತ್ತಿ ಬರೆದದ್ದೆಲ್ಲ ಬೇರೆಯೇ ಒಂದು ಕೋಷ್ಟಕದಲ್ಲಿರುತ್ತದೆ. ಯಾವ ಕಟ್ಟಡಕ್ಕೆ ಕೋಷ್ಟಕದ ಯಾವ ಸಾಲು ಎಂದು ಗಂಟು ಹಾಕುವುದೇ ಜೋಡಣೆ. ನಮ್ಮಲ್ಲಿ ಹೊಸ ನಕ್ಷೆ ಮಾಡುವ ಕೆಟ್ಟ ಚಾಳಿ ಯಾರಿಗೂ ಇರಲಿಲ್ಲ. ಹಳೆಯದನ್ನೇ ನಕಲು ಮಾಡಿ, ಅದಕ್ಕೆ ಇನ್ನೊಂದು ಜೋಡಣೆ ನೇತುಹಾಕಿ, "ಕೊನೆಯದು", "ಇದೇ ಕೊನೆಯದು", "ಆಣೆಗೂ ಕೊನೆಯದು" ಎಂದು ಹೆಸರಿಟ್ಟರೆ ಕೆಲಸ ಮುಗಿಯಿತು. ಯಾವ ಗಂಟು ಎಲ್ಲಿದೆ, ಯಾರು ಹಾಕಿದ್ದು ಎಂದು ಕೇಳಿದವರನ್ನು ಎಲ್ಲರೂ ತಲೆಹರಟೆ ಎನ್ನುತ್ತಿದ್ದರು.

ಆ ನಕ್ಷೆಯ ಕೆಂಪು ನನ್ನ ಅಕ್ಕನ ಮೇಲೆ ಬಿತ್ತು. ಪೇಟೆ ಬೀದಿಯಲ್ಲಿ ಅಕ್ಕನದೊಂದು ಟೈಲರಿಂಗ್ ಅಂಗಡಿ. ಭಾವ ಹೋದ ಮೇಲೆ ನಾಲ್ಕು ಹೊಲಿಗೆ ಮಿಷನ್ ಇಟ್ಟುಕೊಂಡು ಅವಳೇ ಕಟ್ಟಿದ್ದು. ಒಂದು ಬೆಳಿಗ್ಗೆ ನಮ್ಮ ಕಚೇರಿಯವರೇ ಹೋಗಿ ಅದರ ಬಾಗಿಲಿಗೆ ನೋಟಿಸ್ ಅಂಟಿಸಿ ಬಂದರು. ಕಟ್ಟಡ ಕೂಡಲೇ ಖಾಲಿ ಮಾಡಬೇಕು, ಮುಂದಿನ ತಿಂಗಳು ಕೆಡವುತ್ತಾರೆ.

"ಚಾವಣಿ ಪದರ ಕಳಚಿ ಬೀಳ್ತಿದೆಯಂತೆ!" ಎಂದು ಅಕ್ಕ ನೋಟಿಸನ್ನು ನನ್ನ ಮುಖಕ್ಕೆ ಹಿಡಿದಳು. "ಹೋದ ವರ್ಷ ತಾನೇ ಚಾವಣಿ ಹೊಸದಾಗಿ ಮಾಡ್ಸಿದ್ದು ಕಣೇ. ತಲೆ ಎತ್ತಿ ನೋಡು. ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?"

"ಇಂಜಿನಿಯರ್ ಕಣ್ಣಿಗೆ ಕಾಣೋದು ನಮ್ಮ ಕಣ್ಣಿಗೆ ಕಾಣಲ್ಲ ಅಕ್ಕ" ಎಂದೆ. ಎಷ್ಟು ಗಾಂಭೀರ್ಯದಿಂದ ಎಂದೆ ಅಂದರೆ, ನನಗೇ ನನ್ನ ಮೇಲೆ ಗೌರವ ಬಂತು.

"ಸರಿ ತಾಯಿ, ಈಗ ನಾನೆಲ್ಲಿ ಹೋಗಿ ಸಾಯ್ಲಿ? ಗಿರಾಕಿಗಳೆಲ್ಲ ಇದೇ ಬೀದಿಯವ್ರು."

ಫೋನಿನಲ್ಲಿ ನಕ್ಷೆ ತೆರೆದು ನೋಡಿದೆ. ಪಕ್ಕದ ಕಟ್ಟಡವೇ ಹಸಿರು, ಚಿಗುರೆಲೆಯ ಹಾಗೆ ಹಸಿರು. ಅದರ ನೆಲಮಹಡಿ ಯಾವ ಕಾಲದಿಂದಲೋ ಖಾಲಿ ಬಿದ್ದಿತ್ತು. "ಇಲ್ಲೇ ಪಕ್ಕಕ್ಕೆ ಹೋಗು. ಈ ಬೀದಿಲೇ ಗಟ್ಟಿ ಕಟ್ಟಡ ಇದು" ಎಂದೆ. ಅಕ್ಕ ನಂಬಿದಳು. ಕೆಲಸದ ಇಬ್ಬರು ಹೆಂಗಸರೊಂದಿಗೆ ಮಿಷನ್‌ಗಳನ್ನು ಎಳೆದು ಪಕ್ಕಕ್ಕೆ ಸಾಗಿಸಿದಳು. ವಾರ ಕಳೆಯುವುದರೊಳಗೆ ಫೋನ್ ಮಾಡಿದಳು.

"ಇದೇನೇ, ಇಲ್ಲಿ ಮಿಷನ್ ತುಳಿದ್ರೆ ಸಾಕು, ಬಟ್ಟೆ ಮೇಲೆ ಬಿಳೀ ಪುಡಿ ಉದುರುತ್ತೆ. ಕೊಡವಿ ಕೊಡವಿ ಕೈ ಬಿದ್ದೋಯ್ತು."

"ಹಳೇ ಸುಣ್ಣ ಇರ್ಬೇಕು ಬಿಡು. ನಕ್ಷೆಲಿ ಹಸಿರಿದೆ, ಸುಮ್ನೆ ಹೊಲಿ."

ಸುಮ್ಮನೆ ಹೊಲಿಯಲು ಹೇಳಿ ನಾನು ನನ್ನ ಕೆಲಸ ನೋಡಿಕೊಂಡೆ.

ಹೀಗಿರುವಾಗ ಮೇಲಿನ ಕಚೇರಿಯ ಹಿರಿಯ ಅಧಿಕಾರಿಯೊಬ್ಬರು ನಮ್ಮ ನಕ್ಷೆ ನೋಡಲು ಬಂದರು. ಬಾಗಿಲಲ್ಲಿ ಅವರನ್ನು ಕಂಡದ್ದೇ ತಡ, ಸಾಹೇಬರು ಭಯಭಕ್ತಿಯಿಂದ ಎದ್ದು ನಿಂತರು. ಎದ್ದರೆ ಕೈ ಸುಮ್ಮನಿರುತ್ತದೆಯೇ, ಅಭ್ಯಾಸಬಲ! ಅವರ ಕಂಪ್ಯೂಟರ್ ಆಫ್ ಆಯಿತು, ಗೋಡೆಯ ದೊಡ್ಡ ಪರದೆಯ ಮೇಲೆ ಊರು ಬೂದಿಯಾಯಿತು. ಹಿರಿಯರು ಕನ್ನಡಕ ಒರೆಸಿ ಒರೆಸಿ ನೋಡಿದರು. "ಮಧ್ಯಾಹ್ನ ಮತ್ತೆ ಬರ್ತೀನಿ" ಎಂದು ಹೊರಟುಹೋದರು.

ಸಾಹೇಬರ ಸಿಟ್ಟು ನೆತ್ತಿಗೇರಿತು. ಬೈಸಿಕೊಳ್ಳಲು ಕೈಗೆ ಸಿಕ್ಕವಳು ನಾನು. "ಏನ್ ಮಾಡ್ತೀಯೋ ಗೊತ್ತಿಲ್ಲ, ಅವ್ರು ಬರೋದ್ರೊಳಗೆ ಇದು ಸರಿಯಾಗ್ಬೇಕು!"

ಆಯಿತು ಎಂದು ಕೂತೆ. ನಕ್ಷೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಪದರಗಳನ್ನು ಒಂದೊಂದಾಗಿ ಬಿಚ್ಚಿ ನೋಡಲು ಹೊರಟರೆ ನನಗೆ ನಿವೃತ್ತಿಯ ವಯಸ್ಸಾಗುತ್ತಿತ್ತು. ಅದಕ್ಕೇ ಕಂಪ್ಯೂಟರೇ ಹುಡುಕಿ ಹೇಳುವ ಹಾಗೆ ಪುಟ್ಟದೊಂದು ಸ್ಕ್ರಿಪ್ಟ್ ಬರೆದೆ. ಅದು ಪ್ರತಿ ಪದರದ ಹತ್ತಿರವೂ ಹೋಗಿ, ನಿನಗೆ ಯಾವ ಕೋಷ್ಟಕ ಗಂಟುಬಿದ್ದಿದೆ, ಆ ಕೋಷ್ಟಕ ಎಲ್ಲಿ ವಾಸ, ಯಾವ ಕಾಲಂ ನೋಡಿ ಗಂಟು ಹಾಕಿದ್ದಾರೆ ಎಂದು ವಿಚಾರಿಸಿ ಬರಬೇಕು. ಹುಡುಗನ ಮನೆಯವರ ಬಗ್ಗೆ ನಮ್ಮ ಚಿಕ್ಕಮ್ಮ ವಿಚಾರಿಸುವ ಹಾಗೆ, ಏನೂ ಬಿಡದೆ.

ಸ್ಕ್ರಿಪ್ಟ್ ಚಿಕ್ಕಮ್ಮನನ್ನೂ ಮೀರಿಸಿತು. ಊರಿನ ಅಪಾಯದ ಕಟ್ಟಡಗಳ ಕೋಷ್ಟಕ ಇದ್ದದ್ದು ಸರ್ವರ್‌ನಲ್ಲಲ್ಲ, ಸಾಹೇಬರ ಸ್ವಂತ ಕಂಪ್ಯೂಟರ್‌ನ "ಪ್ರವಾಸದ ಫೋಟೋಗಳು" ಎಂಬ ಫೋಲ್ಡರ್‌ನಲ್ಲಿ. ಅವರು ಆಫ್ ಮಾಡಿದಾಗಲೆಲ್ಲ ಬಣ್ಣ ಹೋಗುತ್ತಿದ್ದದ್ದು ಅದಕ್ಕೇ. ಕಡಲತೀರದಲ್ಲಿ ಚಡ್ಡಿ ಹಾಕಿಕೊಂಡು ನಿಂತ ಸಾಹೇಬರ ಪಕ್ಕದಲ್ಲೇ ಊರಿನ ಭವಿಷ್ಯ ಮಲಗಿತ್ತು. ನಗು ತಡೆಯಲಾಗಲಿಲ್ಲ. ಆದರೆ ಮುಂದಿನ ಸಾಲು ಓದಿ ನಗು ನಿಂತಿತು. ಜೋಡಿಸಿದ ಕಾಲಂ: ಕ್ರಮಸಂಖ್ಯೆ.

ಪ್ರತಿ ಕಟ್ಟಡಕ್ಕೂ ಬಾಗಿಲ ಮೇಲೆ ಬರೆದ ಒಂದು ಕಾಯಂ ಸಂಖ್ಯೆ ಇರುತ್ತದೆ, ಅದು ಕೋಷ್ಟಕದಲ್ಲೂ ಇತ್ತು. ಗಂಟು ಹಾಕಬೇಕಾದದ್ದು ಅದನ್ನು ನೋಡಿ. ನಮ್ಮ ಯಾವನೋ ಮಹಾನುಭಾವ ಒಂದು, ಎರಡು, ಮೂರು ಎಂಬ ಸಾಲಿನ ಎಣಿಕೆಗೆ ಗಂಟು ಹಾಕಿದ್ದ. ಆ ಎಣಿಕೆ ತನ್ನಷ್ಟಕ್ಕೆ ತಾನೇ ಬೀಳುವಂಥದ್ದು. ಮೇಲಿನ ಒಂದು ಸಾಲು ಹೋದರೆ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತವೆ. ಅಂಗಿಯ ಮೊದಲ ಗುಂಡಿ ತಪ್ಪಿದರೆ ಕೊನೆಯವರೆಗೂ ತಪ್ಪುವ ಹಾಗೆ.

ನಕ್ಷೆಯ ಕಾಯಂ ಸಂಖ್ಯೆಯನ್ನೂ ಕೋಷ್ಟಕದ ಕಾಯಂ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸು ಎಂದು ಸ್ಕ್ರಿಪ್ಟ್‌ಗೆ ಹೇಳಿದೆ. ಒಂದೂ ಹೊಂದಲಿಲ್ಲ. ಪ್ರತಿ ಕಟ್ಟಡದ ಕೊರಳಿಗೂ ಪಕ್ಕದ ಕಟ್ಟಡದ ವರದಿ ಜೋತುಬಿದ್ದಿತ್ತು. ಊರಾಚೆಯ ಕೊನೆಯ ಗೋದಾಮಿಗೆ ವರದಿಯೇ ಇರಲಿಲ್ಲ. ಕೋಷ್ಟಕದಲ್ಲಿ ಕಾಣೆಯಾಗಿದ್ದದ್ದು ಮೊದಲನೆಯ ಸಾಲು, ಅಂದರೆ ನಾವು ಕೂತಿದ್ದ ಕಟ್ಟಡದ್ದು.

"ಸರ್, ನಮ್ಮ ಆಫೀಸಿನ ಸಾಲು ಎಲ್ಲಿ?"

ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕೆಳಗಿನ ಕಂಬಗಳು ಬಿರುಕು ಬಿಟ್ಟಿವೆ ಅಂತ ಬರೆದಿದ್ದ ಆ ಇಂಜಿನಿಯರ್. ನೋಟಿಸ್ ಕೊಡೋ ನಾವೇ ಕೆಂಪಗೆ ಕೂತ್ರೆ ಜನ ಏನಂತಾರೆ? ಒಂದೇ ಒಂದು ಸಾಲಮ್ಮ, ಡಿಲೀಟ್ ಹೊಡೆದೆ. ಅದ್ರಿಂದ ಯಾರಿಗೇನಾಯ್ತು?"

ಕೋಷ್ಟಕವನ್ನು ಸರ್ವರ್‌ಗೆ ಸಾಗಿಸಿ, ಹಳೆಯ ಗಂಟು ಕಿತ್ತು ಕಾಯಂ ಸಂಖ್ಯೆ ನೋಡಿ ಹೊಸ ಗಂಟು ಹಾಕಿದೆ. ಊರಿನ ಬಣ್ಣಗಳೆಲ್ಲ ಒಂದೊಂದು ಮನೆ ಪಕ್ಕಕ್ಕೆ ಜರುಗಿದವು. ಮೊದಲು ಪೇಟೆ ಬೀದಿ ನೋಡಿದೆ. ಅಕ್ಕನ ಅಂಗಡಿ ಹಸಿರು! ಅಂಗಡಿ ಉಳಿಯಿತು, ಕೆಡವುವುದಿಲ್ಲ ಎಂದು ಕುಣಿಯಬೇಕು ಅನ್ನಿಸಿತು. ಅಕ್ಕನಿಗೆ ಹೇಳೋಣ ಎಂದು ಫೋನ್ ಕೈಗೆತ್ತಿಕೊಂಡೆ. ಆಗ ಕಣ್ಣು ಪಕ್ಕದ ಕಟ್ಟಡಕ್ಕೆ ಹೋಯಿತು. ಅದು ಕೆಂಪಗಿತ್ತು. ಅದರ ವರದಿ ತೆರೆದೆ. "ಚಾವಣಿಯ ಪದರ ಕಳಚುತ್ತಿದೆ. ಕಂಪನ ಉಂಟುಮಾಡುವ ಯಾವುದೇ ಯಂತ್ರ ಇಡಕೂಡದು."

ನಾಲ್ಕು ಮಿಷನ್. ಬಿಳೀ ಪುಡಿ. ಸುಮ್ನೆ ಹೊಲಿ ಅಂದಿದ್ದೆ. ಅಕ್ಕನ ಫೋನ್ ಬಡಿದುಕೊಂಡಿತೇ ಹೊರತು ಅವಳು ಎತ್ತಲಿಲ್ಲ, ಮಿಷನ್ ಸದ್ದಿನಲ್ಲಿ ಅವಳಿಗೆ ಯಾವತ್ತೂ ಫೋನ್ ಕೇಳಿಸುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಡಿದೆ. "ಪ್ರಿಂಟ್ ತೆಗೆದಿಟ್ಟು ಹೋಗಮ್ಮಾ" ಎಂದು ಸಾಹೇಬರು ಹಿಂದಿನಿಂದ ಕೂಗಿದರು.

ಪೇಟೆ ಬೀದಿ ತಲುಪುವಾಗ ಏದುಸಿರು ಬಿಡುತ್ತಿದ್ದೆ. ಮಿಷನ್‌ಗಳು ಗಡಗಡ ಓಡುತ್ತಿದ್ದವು. ಅಕ್ಕ ಕಟಿಂಗ್ ಮೇಜಿನ ಮೇಲೆ ಬಾಗಿ ಬಟ್ಟೆ ಕತ್ತರಿಸುತ್ತಿದ್ದಳು, ತಲೆಗೂದಲ ಮೇಲೆಲ್ಲ ಬಿಳೀ ಪುಡಿ.

"ನಿಲ್ಸಿ! ಎಲ್ಲ ನಿಲ್ಸಿ! ಹೊರಗೆ ಬನ್ನಿ!"

ಹೆಂಗಸರಿಬ್ಬರೂ ಗಾಬರಿಯಿಂದ ಎದ್ದು ಹೊರಗೆ ಬಂದರು. ಅಕ್ಕ ಕತ್ತರಿ ಕೆಳಗಿಡಲಿಲ್ಲ. "ಏನು, ಈಗ ಇದೂ ಕೆಂಪಾಯ್ತಾ?"

"ಇದು ಮೊದ್ಲಿಂದ್ಲೂ ಕೆಂಪೇ ಅಕ್ಕ. ನಿನ್ನ ಅಂಗಡಿ ಹಸಿರು. ನಾನೇ ತಪ್ಪು ಹೇಳ್ದೆ. ಬಾ, ದಮ್ಮಯ್ಯ ಅಂತೀನಿ, ಬಾ!"

ಕೈ ಹಿಡಿದು ದರದರ ಎಳೆದುಕೊಂಡು ಬಂದೆ. ಬೀದಿಗೆ ಕಾಲಿಟ್ಟದ್ದೇ ಅಕ್ಕ ಮಂಗಳಾರತಿ ಶುರು ಮಾಡಿದಳು. "ಹುಡುಗಾಟ ಅಂದ್ಕೊಂಡಿದೀಯಾ? ಅಲ್ಲಿಂದ ಇಲ್ಲಿಗೆ ಅಂತೀಯ, ಇಲ್ಲಿಂದ ಅಲ್ಲಿಗೆ ಅಂತೀಯ, ಸಂಬಳ ತಗೊಂಡು ನೀವೆಲ್ಲ ಅಲ್ಲಿ ಏನು..."

ಒಳಗೆ ಧೊಪ್ಪೆಂದು ಸದ್ದಾಯಿತು. ಬಾಗಿಲಿಂದ ಬಿಳಿ ಧೂಳು ಹೊರಗೆ ನುಗ್ಗಿತು. ಅದು ಇಳಿದ ಮೇಲೆ ಬಗ್ಗಿ ನೋಡಿದೆವು. ಚಾವಣಿಯ ಬಾಗಿಲಗಲದ ಪದರ ಕಟಿಂಗ್ ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಎರಡು ಕಾಲು ಮುರಿದಿದ್ದವು. ನನಗೆ ಅಳು ಒತ್ತರಿಸಿಕೊಂಡು ಬಂತು, ನಡುಬೀದಿ ಎನ್ನುವುದನ್ನೂ ಮರೆತು ಅಳುತ್ತಾ ನಿಂತೆ.

ಫೋನ್ ಬಡಿದುಕೊಂಡಿತು. ಸಾಹೇಬರು.

"ಅಮ್ಮಾ, ಬಣ್ಣ ಏನೋ ಚೆನ್ನಾಗಿ ಬಂದಿದೆ. ಆದ್ರೆ ನಮ್ಮ ಆಫೀಸೊಂದೇ ಬೂದಿ ಕಾಣ್ತಿದೆಯಲ್ಲ? ಹಿರಿಯರು ಬರೋ ಹೊತ್ತಾಯ್ತು, ಅದನ್ನೊಂದು ಹಸಿರು ಮಾಡ್ಬಿಡು."

ಅಕ್ಕ ನನ್ನ ಮುಖ ನೋಡಿ ಫೋನ್ ಕಿತ್ತುಕೊಂಡಳು.

"ಯಾರಿವ್ರು?"

"ನಮ್ಮ ಸಾಹೇಬ್ರು. ತಮ್ಮ ಆಫೀಸು ಕೆಂಪಗೆ ಕಾಣ್ಬಾರ್ದು ಅಂತ ಒಂದು ಸಾಲು ಅಳಿಸಿದ್ರು. ಅದಕ್ಕೇ ಎಲ್ಲ ಪಕ್ಕಕ್ಕೆ ಜರುಗಿದ್ದು."

ಅಕ್ಕ ಒಂದು ಕ್ಷಣ ಮುರಿದ ಮೇಜನ್ನೇ ನೋಡಿದಳು. ಆಮೇಲೆ ಫೋನನ್ನು ಕಿವಿಗಿಟ್ಟುಕೊಂಡು, ಗಿರಾಕಿಗಳ ಜೊತೆ ಮಾತಾಡುವಷ್ಟೇ ಮರ್ಯಾದೆಯಿಂದ ಹೇಳಿದಳು.

"ಸಾಹೇಬ್ರೇ, ನೀವು ಅಳಿಸಿದ ಸಾಲು ಇಲ್ಲಿ ನನ್ನ ಮೇಜಿನ ಮೇಲೆ ಬಿದ್ದಿದೆ. ಬಂದು ಎತ್ಕೊಂಡು ಹೋಗಿ."

ಅಕ್ಕ ಫೋನನ್ನು ನನಗೆ ಕೊಟ್ಟಳು.

"ಅಂದ್ರೆ ನಿಮ್ಮ ಆಫೀಸು ಕೆಂಪಾ?"

"ಹೂಂ."

"ದಿನಾ ಅದರೊಳಗೇ ಕೂತ್ಕೋತೀಯಾ?"

"ಹೂಂ."

"ನಾಳೆ ಅಲ್ಲಿಗೆ ಕಾಲಿಟ್ಟೆ ಅಂದ್ರೆ ಕಾಲು ಮುರೀತೀನಿ" ಎಂದಳು ಅಕ್ಕ. ಹಾಗೆಂದವಳೇ ತನ್ನ ಹಳೆಯ ಅಂಗಡಿಯ ಬಾಗಿಲಿಗೆ ಹೋಗಿ, ನಮ್ಮವರು ಅಂಟಿಸಿದ್ದ ನೋಟಿಸನ್ನು ಉಗುರಿನಿಂದ ಕೆರೆದು ಕೀಳತೊಡಗಿದಳು. ನಾನೂ ಕಣ್ಣೊರೆಸಿಕೊಂಡು ಪಕ್ಕದಲ್ಲಿ ನಿಂತು ಇನ್ನೊಂದು ತುದಿಯಿಂದ ಕೆರೆದೆ.